ಹಂಡೆ ಎತ್ತುವ ಕೂಲಿ ಯಾರ ಲೆಕ್ಕಕ್ಕೆ? ಮನೆ ರಿಪೇರಿ ಕಂಟ್ರಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಮನೆ ರಿಪೇರಿ ಕಂಟ್ರಾಕ್ಟರುಗಳಿಗೆ, ಮೇಸ್ತ್ರಿಗಳಿಗೆ, ಹಾಗೇ ಜಿಲ್ಲಾಡಳಿತದವರಿಗೆ,

ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯ ಒಂದು ಹಳೇ ಹೆಂಚಿನ ಮನೆಯವಳು. ಗಂಡ, 84 ವರ್ಷದ ಅತ್ತೆ, ನಾನು, ಒಂದು ನಾಯಿ. ಸ್ವಲ್ಪ ಅಡಿಕೆ ತೋಟ. ಈ ಪತ್ರ ಬರೆಯೋಕೆ ಕಾರಣ ಒಂದು ಉಪ್ಪಿನಕಾಯಿ ಜಾಡಿ. ನಗಬೇಡಿ. ಜಾಡಿಯಿಂದ ಶುರುವಾದದ್ದು 22,000 ರೂಪಾಯಿಯ ಜಗಳವಾಗಿ, ಕೊನೆಗೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಾನೇ ತಲೆ ತಗ್ಗಿಸಿ ನಿಲ್ಲುವ ಹಾಗಾಯಿತು. ಅದನ್ನೆಲ್ಲ ಹೇಳಿದ ಮೇಲೆ ನಿಮ್ಮ ಹತ್ತಿರ ಒಂದೆರಡು ಮಾತು ಕೇಳುವುದಿದೆ.

ನಮ್ಮಲ್ಲಿ ಮನೆ ರಿಪೇರಿಗೆ ಸಮಯ ಅಂತ ಇರುವುದೇ ನಾಲ್ಕು ತಿಂಗಳು. ಅಡಿಕೆ ಕೊಯ್ಲು ಮುಗಿದು ಕೈಗೆ ದುಡ್ಡು ಬರಬೇಕು. ಜೂನಿನ ಮಳೆ ಹಿಡಿಯುವ ಮುಂಚೆ ಹೆಂಚು ವಾಪಸ್ ಕೂತಿರಬೇಕು. ಆಗುಂಬೆ ನಮಗೆ ದೂರವಲ್ಲ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಾಡು ಬಿಚ್ಚಿಟ್ಟುಕೊಂಡು ಕೂರುವ ಸೀಮೆಯಲ್ಲ ಇದು. ಹಾಗಾಗಿ ಫೆಬ್ರವರಿಯಿಂದ ಮೇ ತನಕ ಎಲ್ಲರಿಗೂ ನೀವೇ ಬೇಕು. ಫೋನು ಮಾಡಿದರೆ "ನಾಳೆ ಬರ್ತೀನಿ ಅಕ್ಕಾ" ಅನ್ನುತ್ತೀರಿ. ನಾಳೆ ಅಂದರೆ ಹದಿನೈದು ದಿನ. ಬಂದ ದಿನ ನಾವು ಸಂತೋಷದಲ್ಲಿ ಕಾಫಿ ಕೊಟ್ಟು, ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತೇವೆ. ಎಲ್ಲ ತಪ್ಪೂ ಆ ಕಾಫಿಯ ಹೊತ್ತಿಗೇ ಶುರುವಾಗುತ್ತದೆ ಅಂತ ಈಗ ಅನ್ನಿಸುತ್ತದೆ.

ಕಳೆದ ಮಾರ್ಚಿನಲ್ಲಿ ನಾವು ಮಾಡಿನ ಕೆಲವು ಪಕಾಸು, ಅಂದರೆ ಹೆಂಚು ಹೊರುವ ಮರದ ಪಟ್ಟಿ, ಬದಲಿಸಿ, ಹೆಂಚು ಕೈಯಾಡಿಸಿ, ಎರಡು ಗೋಡೆಗೆ ಸಾರಣೆ ಮಾಡಿಸಿ, ಅಡುಗೆಮನೆಗೆ ಟೈಲ್ಸ್ ಹಾಕಿಸಿದೆವು. ಪೇಟೆಯ ಒಬ್ಬ ಕಂಟ್ರಾಕ್ಟರ್. ಹೆಸರು ಬೇಡ. ಕೆಲಸ ಬಾರದವರೇನಲ್ಲ. ಟೈಲ್ಸ್ ಇವತ್ತಿಗೂ ಒಂದು ಕಡೆ ಅಲ್ಲಾಡಿಲ್ಲ. ಒಟ್ಟು 1,85,000 ರೂಪಾಯಿಗೆ ಮಾತಾಯಿತು. ಒಂದು ಹಾಳೆಯ ಚೀಟಿ ಬರೆದುಕೊಟ್ಟರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಹದಿನಾಲ್ಕು ಸಾಲು. ಟೈಲ್ಸಿಗೆ ಚದರಡಿಗೆ ಇಷ್ಟು, ಸಾರಣೆಗೆ ಇಷ್ಟು, ಪಕಾಸು ರೀಪಿಗೆ ಇಷ್ಟು, ಮರಳು ಸಿಮೆಂಟು ಸಾಗಿಸಲು ಇಷ್ಟು. ಆ ಮನೆಯಲ್ಲಿ ಜನ ಬದುಕುತ್ತಿದ್ದಾರೆ, ಅವರದ್ದು ನಾಲ್ಕು ಸಾಮಾನಿದೆ ಅಂತ ಗೊತ್ತಾಗುವ ಸಾಲು ಒಂದೂ ಇಲ್ಲ.

ಮೊದಲು ಹೆಂಚಿನ ಮಾತು. ನಮ್ಮ ಮಾಡಿನ ಮೇಲಿರುವುದು ಹಳೇ ಮಂಗಳೂರು ಹೆಂಚು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಕಸುಬು ಅದು, ಆಮೇಲೆ ಎಷ್ಟೋ ಕಾರ್ಖಾನೆಗಳಾದವು. ಒಂದೊಂದು ಕಾರ್ಖಾನೆಯ ಹೆಂಚಿನ ಕಚ್ಚು ಒಂದೊಂದು ಥರ. ಒಂದರ ಪಕ್ಕ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಹೆಂಚು ಇಳಿಸುವಾಗ ಕೈಯಿಂದ ಕೈಗೆ ದಾಟಿಸಿ, ಅಂಗಳದಲ್ಲಿ ನಿಲ್ಲಿಸಿ ಒರಗಿಸಿಡಬೇಕು. ಹುಡುಗರು ಮೇಲಿಂದ ಮರಳು ರಾಶಿಗೆ ಎಸೆದರು. ಅರವತ್ತಕ್ಕೂ ಜಾಸ್ತಿ ಒಡೆದವು. ಆ ಜಾಗಕ್ಕೆ ಹೊಸ ಹೆಂಚು ತಂದು ಹೊದಿಸಿದರು. ಜೂನ್ ಎರಡನೇ ವಾರ ದೇವರ ಮನೆಯಲ್ಲಿ ಎರಡು ಕೊಡಪಾನ ಇಟ್ಟುಕೊಂಡು ಕೂತೆವು.

ಮಾವನವರ ಲೆಕ್ಕ ಬರೆಯುವ ಮೇಜು ಬೀಟೆ ಮರದ್ದು. ಸಾರಣೆ ಮಾಡುವವರಿಗೆ ನಿಲ್ಲಲು ಎತ್ತರಕ್ಕೆ ಏನೋ ಬೇಕಿತ್ತು. ಮೇಜು ಸಿಕ್ಕಿತು. ಅದರ ಮೇಲೆ ಒಬ್ಬರು ನಿಂತರು, ಪಕ್ಕದಲ್ಲಿ ಹಸಿ ಗಾರೆಯ ಬಾಂಡ್ಲಿ. ಸಿಮೆಂಟು ಕ್ಷಾರದ ವಸ್ತು. ಹಸಿಯಾಗಿದ್ದಾಗ ಬೀಟೆ, ತೇಗದಂಥ ಮರಕ್ಕೆ ತಾಗಿದರೆ ಕಪ್ಪು ಕಲೆ ಒಳಗೆ ಇಳಿಯುತ್ತದೆ. ಪಾಲಿಶ್‌ನವರನ್ನು ಕರೆಸಿ ಕೇಳಿದೆ. ಉಜ್ಜಿದರೆ ಹೋಗಲ್ಲ, ಮೇಲಿನ ಪದರ ಕೀಸುಳಿ ಹಾಕಿ ತೆಗೀಬೇಕು ಅಂದರು. ಮಾವ ಪೆನ್ನಿನ ಮೊನೆಯಲ್ಲಿ ಕೊರೆದ ಗೀಟುಗಳೂ ಆಗ ಹೋಗುತ್ತವೆ. ಬೇಡ ಅಂದೆ. ಈಗ ಕಲೆಯ ಮೇಲೆ ಬಟ್ಟೆ ಹಾಸಿದ್ದೇವೆ.

ಜಗಲಿಯ ಕಾವಿ ನೆಲದ ಮೇಲೆ ಕಬ್ಬಿಣದ ಕಪಾಟನ್ನು ದರದರ ಎಳೆದದ್ದನ್ನು, ಅದರ ನಾಲ್ಕು ಕಾಲಿನ ಗೆರೆಗಳನ್ನು ವಿವರಿಸುವುದಿಲ್ಲ. ಹಳೇ ಮನೆ ಇರುವವರಿಗೆ ಆ ಶಬ್ದ ಗೊತ್ತು.

ಈಗ ಜಾಡಿ. ಅಡುಗೆಮನೆಯ ನಾಗಂದಿಗೆಯ ಮೇಲೆ ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ ಜಾಡಿ ಇತ್ತು. ಪಿಂಗಾಣಿಯದ್ದು. ಅದರಲ್ಲಿದ್ದದ್ದು ಮೂರು ವರ್ಷ ಹಿಂದಿನ ಮಾವಿನ ಮಿಡಿ, ಹೊಳೆ ಬದಿಯ ಒಂದೇ ಮರದ್ದು. ಜೀರಿಗೆ ವಾಸನೆಯ ಮಿಡಿ. ಮರುವರ್ಷದ ಮಳೆಗಾಲದಲ್ಲಿ ಆ ಮರ ಹೊಳೆಗೆ ಬಿತ್ತು. ಅಂದರೆ ಆ ಮರದ ರುಚಿ ಅಂತ ಲೋಕದಲ್ಲಿ ಉಳಿದಿದ್ದದ್ದು ಆ ಜಾಡಿಯಲ್ಲಿ ಮಾತ್ರ. ಅತ್ತೆ ಅದನ್ನು ಹಬ್ಬಕ್ಕೆ, ಮಗಳು ಬಂದಾಗ, ಎಣಿಸಿ ಬಡಿಸುತ್ತಿದ್ದರು.

ಗೋಡೆಯ ಆಚೆ ಬದಿಯಲ್ಲಿ ಪೈಪಿಗೆ ಅಂತ ಬ್ರೇಕರ್ ಮಷೀನ್ ಹಿಡಿದು ಗೋಡೆ ಕೊರೆಯುತ್ತಿದ್ದರು. ಈಚೆ ನಾಗಂದಿಗೆ ನಡುಗುತ್ತಾ ನಡುಗುತ್ತಾ ಜಾಡಿ ಅಂಚಿಗೆ ಸರಿದು ಬಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಕಂಟ್ರಾಕ್ಟರ್ ಹೇಳಿದ್ದೂ ಅದನ್ನೇ: "ನಮ್ಮ ಹುಡುಗರು ಕೈ ಹಾಕೇ ಇಲ್ಲ ಅಕ್ಕಾ." ಮಾತು ಸತ್ಯ. ಆದರೆ ಮಷೀನ್ ಹಿಡಿದರೆ ಗೋಡೆ ನಡುಗುತ್ತದೆ, ನಡುಗಿದರೆ ಆಚೆ ಬದಿಯ ಅಟ್ಟಣೆಯ ಮೇಲಿರುವುದು ಬೀಳುತ್ತದೆ ಅಂತ ಗೊತ್ತಿರಬೇಕಾದವರು ಯಾರು? ನಾನು ಜನ್ಮದಲ್ಲಿ ಬ್ರೇಕರ್ ಹಿಡಿದವಳಲ್ಲ.

ಅತ್ತೆ ನೆಲದ ಮೇಲೆ ಕೂತು ಚೂರುಗಳ ನಡುವೆ ನೋಡಿದರು. "ಒಂದಾದ್ರೂ ಉಳಿಸ್ಲಿಕ್ಕೆ ಆಗ್ತದಾ ನೋಡೇ" ಅಂದರು. ಪಿಂಗಾಣಿ ಚೂರು, ಗೋಡೆಯ ಪುಡಿ. ಏನನ್ನು ಉಳಿಸುವುದು?

ಕೊನೆಯದು ಅಟ್ಟದ ಟ್ರಂಕು. ಅಟ್ಟ ಖಾಲಿ ಮಾಡಬೇಕು ಅಂತ ಇಳಿಸಿ ಅಂಗಳದಲ್ಲಿ ಇಟ್ಟರು. ಮುಚ್ಚಳ ಸರಿ ಕೂರುತ್ತಿರಲಿಲ್ಲ. ಏಪ್ರಿಲ್ ಸಂಜೆಯ ಮಳೆ ಹೇಳಿ ಬರುತ್ತದೆಯೇ? ನಾವು ಆವತ್ತು ಕೊಪ್ಪದಲ್ಲಿ ಮದುವೆಗೆ ಹೋಗಿದ್ದೆವು. ಟಾರ್ಪಾಲು ಇತ್ತು, ಸಿಮೆಂಟು ಮೂಟೆಗಳ ಮೇಲೆ ಇತ್ತು. ಅದನ್ನು ಮಾತ್ರ ಚೆನ್ನಾಗಿ, ಕಲ್ಲು ಹೇರಿ ಮುಚ್ಚಿದ್ದರು. ಟ್ರಂಕಿನಲ್ಲಿ ಮದುವೆ ಫೋಟೋಗಳು, ಮಂಡಿಯ ಲೆಕ್ಕದ ಪುಸ್ತಕಗಳು, ಮಾವ ಅವರ ತಮ್ಮನಿಗೆ ಬರೆದ ಕಾಗದಗಳು. ಗಾಬರಿಯಲ್ಲಿ ನಾನು ಫೋಟೋಗಳ ಕಟ್ಟನ್ನು ಹಾಗೇ ಬಿಸಿಲಿಗಿಟ್ಟೆ. ಅದು ನನ್ನದೇ ತಪ್ಪು. ಅಂಟಿಕೊಂಡ ಫೋಟೋಗಳನ್ನು ಒಣಗಲು ಬಿಡದೆ ತಣ್ಣೀರಲ್ಲಿ ಹಾಕಿ ನಿಧಾನ ಬಿಡಿಸಬೇಕಂತೆ. ಆಮೇಲೆ ತಿಳಿಯಿತು. ನಿಮ್ಮಲ್ಲಿ ಯಾರಿಗಾದರೂ ಉಪಯೋಗವಾದರೆ ಆಗಲಿ.

ಲೆಕ್ಕ ತೀರಿಸುವ ದಿನ ಬಂತು. 22,000 ಬಾಕಿ ಇತ್ತು. ಕೊಡಲ್ಲ ಅಂದೆ. ಅವರು ನಕ್ಕರು. "ಹಳೇ ಸಾಮಾನು ಅಲ್ವಾ ಅಕ್ಕಾ" ಅಂದರು. ಆಮೇಲೆ "ನೀವೇ ಮೊದಲು ತೆಗೆದಿಡಬೇಕಿತ್ತು" ಅಂದರು. ಆಮೇಲೆ "ಹುಡುಗರು ಹೊಸಬರು". ಜಾಡಿಗೆ ಬೆಲೆ ಕಟ್ಟಿದರು: ಹೊಸ ಜಾಡಿ 600 ರೂಪಾಯಿ, ಮಿಡಿ ಉಪ್ಪಿನಕಾಯಿ ಪೇಟೆಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುತ್ತದೆ. ಒಳಗಿಂದ ಅತ್ತೆ ಕೇಳಿಸಿಕೊಂಡರು. ಏನೂ ಹೇಳಲಿಲ್ಲ. ಅವತ್ತು ಊಟಕ್ಕೆ ಏಳಲೂ ಇಲ್ಲ.

ಮೂರು ದಿನ ಫೋನಿನಲ್ಲಿ ಜಗಳ. ಕೊನೆಗೆ ಗಂಡ ನಡುವೆ ಬಂದು 6,000 ಹಿಡಿದುಕೊಂಡು ಉಳಿದದ್ದು ಕೊಟ್ಟರು. ಗೆದ್ದೆ ಅಂದುಕೊಂಡೆ. ನೆಂಟರಿಗೆಲ್ಲ ಹೇಳಿಕೊಂಡೆ ಕೂಡ.

ಜೂನಿನಲ್ಲಿ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಆ ತಂಡದ ಒಬ್ಬ ಹುಡುಗ ಸಿಕ್ಕಿದ. ಕೊಪ್ಪಳ ಕಡೆಯವನು, 20 ವರ್ಷ ಇರಬೇಕು. ನಮ್ಮ ನಾಯಿಗೆ ದಿನಾ ತನ್ನ ಡಬ್ಬಿಯಿಂದ ರೊಟ್ಟಿ ಹಾಕುತ್ತಿದ್ದವನು. ಊರಿಗೆ ಹೊರಟಿದ್ದ. ಮಾತಾಡಿಸಿದೆ. ಮಾತಿಗೆ ಮಾತು ಬಂದು ಹೇಳಿದ: "ನಿಮ್ಮ ಮನಿದು ಆರು ಸಾವಿರ ನಮ್ಮಿಬ್ಬರ ಪಗಾರದಾಗ ಹಿಡಕೊಂಡಾರ್ರೀ ಅಮ್ಮಾ." ಇಬ್ಬರಿಗೂ ಮೂರು ಮೂರು ಸಾವಿರ. ಸಿಟ್ಟಿಲ್ಲದೆ ಹೇಳಿದ, ಮಳೆ ಬಂತು ಅನ್ನುವ ಹಾಗೆ. ನಾನು ಪರ್ಸಿನಿಂದ 2,000 ತೆಗೆದೆ. ತಗೊಳ್ಳಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಆವತ್ತಿನಿಂದ ನನಗೆ ಇದು ಬರೀ ಕೈತಪ್ಪಿನ ವಿಷಯ ಅಂತ ಅನ್ನಿಸುತ್ತಿಲ್ಲ. ಲೆಕ್ಕದ ವಿಷಯ ಅನ್ನಿಸುತ್ತಿದೆ. ಕಂಟ್ರಾಕ್ಟರು ನಮ್ಮ ಹತ್ತಿರ ಮಾತಾಡುತ್ತಾರೆ. ಕೆಲಸವನ್ನು ಮೇಸ್ತ್ರಿಗೆ ಕೊಡುತ್ತಾರೆ. ಮೇಸ್ತ್ರಿ ಟೈಲ್ಸಿನವರಿಗೆ ಚದರಡಿ ಲೆಕ್ಕದಲ್ಲಿ ಬಿಡುತ್ತಾರೆ. ಟೈಲ್ಸಿನವರು ಇಬ್ಬರು ಹುಡುಗರನ್ನು ದಿನಗೂಲಿಗೆ ಕರೆತರುತ್ತಾರೆ. ಕಪಾಟು ಖಾಲಿ ಮಾಡಿ ನಾಲ್ಕು ಜನ ಹಿಡಿದು ಎತ್ತಿಡಲು ಒಂದು ಗಂಟೆ ಬೇಕು. ಆ ಒಂದು ಗಂಟೆಯಲ್ಲಿ ಒಂದು ಚದರಡಿಯೂ ಮುಗಿಯುವುದಿಲ್ಲ. ಅದಕ್ಕೆ ಕಾಸು ಯಾರು ಕೊಡುತ್ತಾರೆ? ಯಾರೂ ಇಲ್ಲ. ಎಳೆದರೆ ಎರಡು ನಿಮಿಷ. ಎಳೆಯುತ್ತಾರೆ. ಅವರ ಜಾಗದಲ್ಲಿ ನನ್ನ ಮಗ ಇದ್ದರೂ ಎಳೆಯುತ್ತಿದ್ದ.

ನಮ್ಮ ಮನೆಗೆ ಮುಂಚೆ ವರ್ಷ ವರ್ಷವೂ ಹೆಂಚು ಕೈಯಾಡಿಸಲು ಒಬ್ಬ ಮುದುಕರು ಬರುತ್ತಿದ್ದರು. ಏಣಿ ಇಡುವ ಮುಂಚೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಒಡೆಯುವಂಥದ್ದು ಎಂತಾದ್ರೂ ಉಂಟಾ ಅಮ್ಮಾ?" ಅಂತ ಕೇಳುತ್ತಿದ್ದರು. ಹಳೇ ಸೀರೆ ಕೇಳಿ ಇಸಿದುಕೊಂಡು ಪಾತ್ರೆಗಳ ಮೇಲೆ ಹೊದಿಸುತ್ತಿದ್ದರು. ಬರಿಗಾಲಲ್ಲಿ ಪಕಾಸಿನ ಸಾಲು ಹಿಡಿದೇ ಹೆಜ್ಜೆ ಇಡುತ್ತಿದ್ದರು. ಹಳೇ ಕಾಲ ಬಲು ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅವರ ಕೈಯಲ್ಲೂ ಹೆಂಚು ಒಡೆದಿದೆ, ಒಂದು ಸಲ ದೇವರ ದೀಪವೂ ನೆಗ್ಗಿದೆ. ಆದರೆ ಅವರಿಗಿದ್ದದ್ದು ದಿನಗೂಲಿ. ಒಂದು ಗಂಟೆ ಸೀರೆ ಹೊದಿಸಿದರೂ ಅದು ಕೂಲಿಯ ಒಳಗಿನ ಗಂಟೆಯೇ. ಒಡೆದದ್ದನ್ನು ಅವತ್ತೇ ಸಂಜೆ ಬಂದು ಹೇಳುತ್ತಿದ್ದರು. ನಿಮ್ಮ ಹುಡುಗರು ಯಾಕೆ ಹೇಳುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ. ಹೇಳಿದರೆ ಪಗಾರ ಹೋಗುತ್ತದೆ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಸಾಗರದ ಕಡೆ ನನ್ನ ಗೆಳತಿಯೊಬ್ಬಳಿದ್ದಾಳೆ, ದೀವರ ಮನೆಯವಳು. ಮಗಳ ಮದುವೆಗೆ ಅಂತ ಅವಳೂ ಅವಳ ನಾದಿನಿಯೂ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆದಿದ್ದರು. ಪುಂಡಿ ನಾರಿನ ಕುಂಚದಲ್ಲಿ, ದಿನಗಟ್ಟಲೆ ಕೂತು. ಪಕ್ಕದ ಕೋಣೆಗೆ ಬಣ್ಣ ಹೊಡೆಯಲು ಬಂದವರು ಈ ಗೋಡೆಗೂ ಪುಟ್ಟಿ ಎಳೆದುಬಿಟ್ಟರು. ಕೇಳಿದರೆ, "ಗೋಡೆ ಗಲೀಜಾಗಿತ್ತು, ಎಕ್ಸ್‌ಟ್ರಾ ಏನೂ ತಗೊಂಡಿಲ್ಲ" ಅಂದರಂತೆ. ಅದೇ ಮನೆಯಲ್ಲಿ ಭೂಮಿ ಹುಣ್ಣಿಮೆಗೆ ಚರಗ, ಅಂದರೆ ಗದ್ದೆಗೆ ಇಡುವ ಎಡೆ, ಒಯ್ಯುವ ಭೂಮಣ್ಣಿ ಬುಟ್ಟಿ, ಮೈತುಂಬ ಚಿತ್ತಾರ ಬರೆದದ್ದು, ಗೂಟಕ್ಕೆ ನೇತುಹಾಕಿತ್ತು. ಅದರಲ್ಲಿ ಜಲ್ಲಿ ಹೊತ್ತಿದ್ದರು. ಬುಟ್ಟಿ ಬುಟ್ಟಿಯೇ ಅಲ್ವಾ, ಹೊರಗಿನಿಂದ ಬಂದವನಿಗೆ ಹೇಗೆ ತಿಳಿಯಬೇಕು? ಹೇಳುವವರು ಬೇಕಿತ್ತು, ಕೇಳಿಕೊಳ್ಳುವವರೂ ಬೇಕಿತ್ತು.

ಸಾಗರದ ಹತ್ತಿರದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಯ ಕಟ್ಟುಗಳಿವೆ, ನೋಡಿದ್ದೇನೆ. ಒಂದು ಕಾಲಕ್ಕೆ ಅವೂ ಯಾರ್ಯಾರದೋ ಮನೆಯ ಅಟ್ಟದಲ್ಲೇ ಹೊಗೆ ಕುಡಿಯುತ್ತಾ ಇದ್ದಿರಬೇಕು. ನೀವು ಅಟ್ಟದಿಂದ ಕೆಳಗೆ ಎಸೆಯುವ ಗಂಟಿನಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಎಷ್ಟೋ ಸಲ ಮನೆಯವರಿಗೂ ಗೊತ್ತಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದುಕೊಂಡೆ. ನನ್ನ ಅಣ್ಣನ ಮಗ ಶಿವಮೊಗ್ಗದಲ್ಲಿ ವಕೀಲ. ಸಿಟ್ಟಿನಲ್ಲಿ ಮೊದಲು ಪೊಲೀಸ್ ಸ್ಟೇಷನ್ನಿಗೇ ಹೋಗುತ್ತೇನೆ ಅಂದಿದ್ದೆ. "ಅತ್ತೆ, ಬೇಕು ಅಂತಲೇ ಒಡೆದಿದ್ದರೆ ಬೇರೆ ಮಾತು. ಕೈತಪ್ಪಿ ಒಡೆದದ್ದು ಪೊಲೀಸ್ ಕೇಸಲ್ಲ" ಅಂದ. ಟಿವಿಯಲ್ಲಿ ಕೇಳುವ ರೇರಾ ಕಾನೂನು ಇದೆಯಲ್ಲ ಅಂದೆ. ಅದು ಮಾರಾಟಕ್ಕೆ ಕಟ್ಟುವ ಫ್ಲ್ಯಾಟು, ಲೇಔಟುಗಳದ್ದು, ನಿನ್ನ ಅಡುಗೆಮನೆಗೆ ಬರಲ್ಲ ಅಂದ. ನಮಗೆ ಸಲ್ಲುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಿಂದ ಜಾರಿಯಲ್ಲಿದೆ. ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡವರು ಗ್ರಾಹಕರು. ಕೆಲಸ ಮಾಡುವವರ ನಿರ್ಲಕ್ಷ್ಯದಿಂದ ಗ್ರಾಹಕರಿಗೆ ನಷ್ಟವಾದರೆ ಅದೂ ಸೇವೆಯ ಕೊರತೆಯೇ ಅಂತ ಈ ಕಾಯ್ದೆಯಲ್ಲಿ ಬಿಡಿಸಿ ಹೇಳಿದೆ. ಅಂದರೆ ಟೈಲ್ಸ್ ನೆಟ್ಟಗಿದ್ದರೆ ಸಾಕು, ಜಾಡಿ ನಮ್ಮ ಲೆಕ್ಕವಲ್ಲ ಅನ್ನುವ ವಾದ ನಿಲ್ಲುವುದಿಲ್ಲ.

ಜಿಲ್ಲಾ ಗ್ರಾಹಕರ ಆಯೋಗಕ್ಕೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಟ್ರಾಕ್ಟರು ಬೇರೆ ಊರಿನವರಾದರೂ ಸರಿ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲೆಯಲ್ಲೇ ನಡೆಯುತ್ತದೆ. 5 ಲಕ್ಷದ ತನಕ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹೋಗಬೇಕು ಅಷ್ಟೇ. ಅದಕ್ಕೂ ಮುಂಚೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಿ ಕೇಳಬಹುದು. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟಿದ್ದರೂ ಉಚಿತ ನೆರವು ಸಿಗುತ್ತದೆ. ಇಷ್ಟು ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು: ಕಿಟಕಿ, ಬಾಗಿಲು, ಕುರ್ಚಿ ಅಂತ ನೀವು ಪಾಲಿಶಿಗೋ ರಿಪೇರಿಗೋ ನಿಮ್ಮ ಶೆಡ್ಡಿಗೆ ಒಯ್ದರೆ, 1872ರ ಕರಾರು ಕಾಯ್ದೆಯ 151ನೇ ಕಲಮಿನ ಪ್ರಕಾರ ಅದನ್ನು ಬುದ್ಧಿಯಿರುವ ಮನುಷ್ಯ ತನ್ನ ಸ್ವಂತದ ವಸ್ತುವನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ನೂರೈವತ್ತು ವರ್ಷದಿಂದ ಇರುವ ಮಾತು.

ಇಷ್ಟೆಲ್ಲ ಹೇಳಿ ಅಣ್ಣನ ಮಗ ಕೊನೆಗೆ ಒಂದು ಪ್ರಶ್ನೆ ಕೇಳಿದ. "ಅತ್ತೆ, ಪುರಾವೆ ಎಲ್ಲಿದೆ?" ಬಿಲ್ಲಿಲ್ಲ. ದುಡ್ಡು ಮುಕ್ಕಾಲು ಪಾಲು ಕೈಯಲ್ಲೇ ಕೊಟ್ಟದ್ದು. ಮೇಜಿನ ಕಲೆಯ ಫೋಟೋ ಇದೆ, ಕಲೆ ಆಗುವ ಮುಂಚಿನ ಮೇಜಿನ ಫೋಟೋ ಇಲ್ಲ. ಚೀಟಿಯಲ್ಲಿ ಕಂಟ್ರಾಕ್ಟರ ಸಹಿಯೂ ಇಲ್ಲ. ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಇದ್ದರೂ, ಅಷ್ಟು ಬೇಗ ಮುಗಿಯುವ ಆಸೆ ಇಟ್ಟುಕೊಳ್ಳಬೇಡ ಅಂದ. ಮತ್ತೆ, ಯಾವ ಕಾಯ್ದೆಯಾದರೂ ಆ ಮಿಡಿಗೆ ಎಷ್ಟು ಅಂತ ಬೆಲೆ ಕಟ್ಟುತ್ತದೆ? ಕಂಟ್ರಾಕ್ಟರ ಹಾಗೆ ಅಲ್ಲೂ ಕೆಜಿ ಲೆಕ್ಕವೇ ಬಂದರೆ?

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಿಮ್ಮನ್ನು ಕರೆಯುವಾಗ ನಾವು ಕೇಳುವುದು ಎರಡೇ. ಎಷ್ಟಾಗುತ್ತದೆ, ಯಾವಾಗ ಮುಗಿಯುತ್ತದೆ. ಯಾರು ಕಡಿಮೆ ಹೇಳಿದರೋ ಅವರಿಗೆ ಕೊಡುತ್ತೇವೆ. ಸಾಮಾನು ಎತ್ತಿಡಲು 4,000 ಬೇರೆ ಅಂತ ನೀವು ಬರೆದರೆ, "ಅದೇನು ಮಹಾ, ಹುಡುಗರೇ ಇದ್ದಾರಲ್ಲ" ಅನ್ನುತ್ತೇವೆ. ನಾನೇ ಅಂದಿದ್ದೇನೆ. ಆಮೇಲೆ ಬೀಗದ ಕೈ ಕೊಟ್ಟು ಮದುವೆಗೆ ಹೋಗುತ್ತೇವೆ. ಇನ್ನು ಕೆಲವರು ಇದ್ದಾರೆ, ಹತ್ತು ವರ್ಷದ ಹಳೇ ಬಿರುಕು ತೋರಿಸಿ ನಿಮ್ಮ ಬಾಕಿ ನುಂಗುವವರು. ಅಂಥವರಿಂದ ನೀವು ಅನುಭವಿಸಿದ್ದು ನನಗಿಂತ ನಿಮಗೇ ಗೊತ್ತು. ಅದಕ್ಕೂ ಮದ್ದು ಕೆಲಸದ ಮುಂಚಿನ ಫೋಟೋವೇ.

ಹಾಗಾಗಿ ಕಂಟ್ರಾಕ್ಟರುಗಳೇ, ನಿಮ್ಮ ಚೀಟಿಗೆ ಒಂದು ಸಾಲು ಸೇರಿಸಿ. "ಸಾಮಾನು ತೆಗೆಯಲು, ಮುಚ್ಚಲು, ವಾಪಸ್ ಇಡಲು" ಅಂತ ಬರೆದು ಮುಂದೆ ದುಡ್ಡು ಬರೆಯಿರಿ. ಸುಮ್ನೆ ಮಾಡಿಕೊಡಿ ಅಂತ ನಾನು ಕೇಳುತ್ತಿಲ್ಲ. ಸುಮ್ನೆ ಮಾಡಿದ ಕೆಲಸ ಯಾರ ಕೆಲಸವೂ ಅಲ್ಲ, ಅದೇ ತೊಂದರೆ. ದುಡ್ಡು ಬರೆದರೆ ಅದು ಒಬ್ಬನ ಕೆಲಸವಾಗುತ್ತದೆ, ಅವನಿಗೆ ಆ ಒಂದು ಗಂಟೆಯ ಕೂಲಿ ಸಿಗುತ್ತದೆ. ಮನೆಯವರು ಬೇಡ, ನಾವೇ ತೆಗೆದಿಡುತ್ತೇವೆ ಅಂದರೆ ಆ ಸಾಲಿನ ಮೇಲೆ ಗೀಟು ಹಾಕಿ ಅವರ ಸಹಿ ತೆಗೆದುಕೊಳ್ಳಿ. ಆಗ ಹೊಣೆ ಅವರದ್ದು. ಜಗಳವಿಲ್ಲ.

ಕೆಲಸ ಶುರುವಾಗುವ ದಿನ ಮನೆಯವರ ಜೊತೆ ಒಂದು ಸುತ್ತು ಬನ್ನಿ. ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ, ಇಬ್ಬರ ಹತ್ತಿರವೂ ಇರಲಿ. ಆ ಮುದುಕರ ಪ್ರಶ್ನೆ ಕೇಳಿ. ಬೆಲೆ ಕಟ್ಟಲಾಗದ್ದು ಇದ್ದರೆ ಅದನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿಸಿ. ಬ್ರೇಕರ್ ಹಿಡಿಯುವ ಗೋಡೆಯ ಎರಡೂ ಬದಿ ಖಾಲಿ ಇದೆಯೇ ನೋಡಿ. ಟೈಲ್ಸ್ ಕತ್ತರಿಸುವುದನ್ನು ಅಂಗಳದಲ್ಲಿ, ನೀರು ಬಿಟ್ಟುಕೊಂಡು ಮಾಡಿ. ಧೂಳು ಫ್ರಿಜ್ಜಿಗೂ ಕೇಡು, ಕತ್ತರಿಸುವ ಹುಡುಗನ ಶ್ವಾಸಕೋಶಕ್ಕೆ ಅದಕ್ಕಿಂತ ಕೇಡು. ಕೊನೆಯಲ್ಲಿ ಟೈಲ್ಸ್ ತೊಳೆಯುವ ಆ್ಯಸಿಡ್ಡು ಕಾವಿ ನೆಲಕ್ಕೆ, ಮೊಸಾಯಿಕ್ಕಿಗೆ ತಾಗದಿರಲಿ. ತಾಗಿದರೆ ಆ ಹೊಳಪು ಹೋಗುತ್ತದೆ.

ಮತ್ತೆ, ದಯವಿಟ್ಟು, ಒಡೆದದ್ದನ್ನು ಹುಡುಗರ ಪಗಾರದಲ್ಲಿ ಹಿಡಿಯಬೇಡಿ. ಮಾತಾಡಿದ್ದು ನೀವು, ಲಾಭ ನಿಮ್ಮದು, ನಷ್ಟವೂ ನಿಮ್ಮದೇ ಆಗಬೇಕು. ಒಡೆದವನು ಅವತ್ತೇ ಬಂದು ಹೇಳಿದರೆ ಬೈಯದೆ ಬಿಡುವ ಪದ್ಧತಿ ಇಟ್ಟುಕೊಳ್ಳಿ. ಟ್ರಂಕು ಒದ್ದೆಯಾಯಿತು ಅಂತ ಆ ಸಂಜೆಯೇ ಒಂದು ಫೋನು ಬಂದಿದ್ದರೆ ಅರ್ಧ ಕಾಗದಗಳಾದರೂ ಉಳಿಯುತ್ತಿದ್ದವು. ನಾವು ತಿಳಿದದ್ದು ಮೂರನೇ ದಿನ, ವಾಸನೆ ಬಂದಾಗ.

ಜಿಲ್ಲಾಡಳಿತದವರ ಹತ್ತಿರ ಕೇಳುವುದು ದೊಡ್ಡದೇನಲ್ಲ. ಸರ್ಕಾರಿ ಕಾಮಗಾರಿ ಮಾಡುವ ಗುತ್ತಿಗೆದಾರರಿಗೆ ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆ ಪ್ರಕಾರ ನೋಂದಣಿ ಇದೆ, ಟೆಂಡರಿನಲ್ಲಿ ಪುಟಗಟ್ಟಲೆ ಷರತ್ತು ಇದೆ. ನಮ್ಮ ಮನೆಗೆ ಬರುವವರ ಜೊತೆ ನಮಗಿರುವುದು ಆ ಹದಿನಾಲ್ಕು ಸಾಲಿನ ಚೀಟಿ. ಎಲ್ಲರಿಗೂ ಲೈಸೆನ್ಸು ಮಾಡಿ ಅಂತ ನಾನು ಹೇಳುವುದಿಲ್ಲ. ಅದು ಇನ್ನೊಂದು ಕಚೇರಿ, ಇನ್ನೊಂದು ಕೈಬಿಸಿ ಆಗುತ್ತದೆ. ಕನ್ನಡದಲ್ಲಿ ಒಂದೇ ಪುಟದ ಮಾದರಿ ಕರಾರು ಅಚ್ಚು ಹಾಕಿಸಿ ಕೊಡಿ. ಕೆಲಸದ ವಿವರ, ದರ, ಕಂತು, ಸಾಮಾನಿನ ಸಾಲು, ಹೊಣೆ ಯಾರದ್ದು, ಇಬ್ಬರ ಸಹಿ. ಹಿಂಬದಿಯಲ್ಲಿ 1915 ನಂಬರು, ಜಿಲ್ಲಾ ಆಯೋಗದ ವಿಳಾಸ. ಗ್ರಾಮ ಪಂಚಾಯಿತಿಯಲ್ಲಿ, ಸಿಮೆಂಟು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಹಾಗಿರಲಿ.

ಪ್ರತಿ ವರ್ಷ ಡಿಸೆಂಬರ್ 24ಕ್ಕೆ ರಾಷ್ಟ್ರೀಯ ಗ್ರಾಹಕರ ದಿನ ಬರುತ್ತದೆ. 1986ರ ಹಳೇ ಕಾಯ್ದೆಗೆ ಅಂಕಿತ ಬಿದ್ದ ದಿನ ಅದು. ಅದಾಗಿ ತಿಂಗಳೊಪ್ಪತ್ತಿನಲ್ಲಿ ನಮ್ಮ ರಿಪೇರಿ ಕಾಲ ಶುರು. ಭಾಷಣ, ಹಾರ, ತುರಾಯಿ ಎಲ್ಲ ಇರಲಿ, ಆವತ್ತು ಈ ಪುಟವನ್ನೂ ಹಂಚಿ. ನಿರ್ಮಿತಿ ಕೇಂದ್ರದವರು ಗಾರೆ ಕೆಲಸದವರಿಗೆ ತರಬೇತಿ ಕೊಡುವಾಗ ಅರ್ಧ ದಿನ ಇದಕ್ಕೂ ಇಡಲಿ. ಕರಣೆ ಹಿಡಿಯುವುದನ್ನು ಕಲಿಸುವ ಹಾಗೇ, ಜನ ವಾಸವಿರುವ ಮನೆಯೊಳಗೆ ಕೆಲಸ ಮಾಡುವುದನ್ನೂ ಕಲಿಸಬೇಕಾಗುತ್ತದೆ. ಖಾಲಿ ಸೈಟಿನಲ್ಲಿ ಮನೆ ಕಟ್ಟುವುದೇ ಬೇರೆ, ಒಲೆ ಉರಿಯುತ್ತಿರುವ ಮನೆಯನ್ನು ಬಿಚ್ಚಿ ಕಟ್ಟುವುದೇ ಬೇರೆ.

ಬರುವ ಫೆಬ್ರವರಿಯಲ್ಲಿ ನಮ್ಮ ಬಚ್ಚಲುಮನೆಯ ಮಾಡು ಬಿಚ್ಚಬೇಕು. ಮೂರು ಪಕಾಸು ಗೆದ್ದಲು ಹಿಡಿದಿವೆ, ಒಲೆಯ ಕಡೆ ಗೋಡೆ ಸಾರಣೆ ಬಿಟ್ಟಿದೆ. ಮಾಡುವ ಮನಸ್ಸಿರುವವರು ಬಂದು ನೋಡಿಕೊಂಡು ಹೋಗಬಹುದು. ಹಿಂದಿನ ಕಂಟ್ರಾಕ್ಟರೇ ಬಂದರೂ ಬೇಡ ಅನ್ನುವುದಿಲ್ಲ, ಟೈಲ್ಸ್ ಚೆನ್ನಾಗಿ ಹಾಕಿದ್ದಾರೆ. ಆ ಇಬ್ಬರು ಹುಡುಗರ 6,000 ಮೊದಲು ಕೊಟ್ಟು ಬರಲಿ. ನಾನು ಹಿಡಿದುಕೊಂಡದ್ದು ಲಕೋಟೆಯಲ್ಲಿ ಹಾಗೇ ಇದೆ, ಬೇಕಾದರೆ ಅದನ್ನೇ ಒಯ್ದು ಕೊಡಲಿ. ಮೊದಲೇ ಹೇಳಿಬಿಡುತ್ತೇನೆ, ಬಚ್ಚಲಲ್ಲಿ ತಾಮ್ರದ ಹಂಡೆ ಇದೆ, ಅತ್ತೆ ಮದುವೆಯಾಗಿ ಬಂದಾಗಿನದ್ದು. ಎಳೆಯುವ ಹಾಗಿಲ್ಲ. ಎತ್ತೋಕೆ ಇಬ್ಬರು ಬೇಕು. ಆ ಇಬ್ಬರ ಕೂಲಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಬನ್ನಿ.

ಇಂತಿ,
ತೀರ್ಥಹಳ್ಳಿ ಕಡೆಯ ಒಬ್ಬ ಗೃಹಿಣಿ